ಓಡುವ ಹೋರಿಗೆ ನಾಲ್ಕೇ ದನಿ

ಶಹನಾಯಿಯನ್ನು ಸೊಳ್ಳೆ ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಚೆನ್ನಾಗಿ ಹೇಳಿಕೊಡಬಲ್ಲೆ. ಎರಡು ಸಾವಿರದ ಆರೋ ಏಳೋ ಇಸವಿ, ಶ್ರಾವಣದಿಂದ ಮಹಾನವಮಿಯವರೆಗೆ ನಾನು ಮಾಡಿದ್ದು ಅದೊಂದೇ ಕೆಲಸ. ರಾಣೆಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಎದುರು ಕೂತು ಶಹನಾಯಿಯ ಒಂದು ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದೆ. ಸ್ಪೀಕರಿನಿಂದ ಅದು ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ ಹೊರಬರುತ್ತಿತ್ತು. ಅಡುಗೆಮನೆಯಿಂದ ನಮ್ಮತ್ತೆ ಕೂಗುತ್ತಿದ್ದರು.

"ತಂಗೀ, ಅದನ್ನ ಒಮ್ಮೆ ಬಡದ ಕೊಂದ ಬಿಡಬಾರದ?"

ಕೆಲಸ ತಂದವನು ಹಾವೇರಿಯ ಬಸ್ ನಿಲ್ದಾಣದ ಹತ್ತಿರ ಸೈಬರ್ ಕೆಫೆ ನಡೆಸುತ್ತಿದ್ದ ಒಬ್ಬ ಹುಡುಗ. ಹುಡುಗ ಎನ್ನುವುದು ನನ್ನ ರೂಢಿ, ಅವನಿಗಾಗಲೇ ಮದುವೆಯಾಗಿತ್ತು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಮದುವೆಗೆ ಮೊದಲು ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಅದನ್ನು ಅವನು ಗುತ್ತಲದಲ್ಲಿ ಕೇಳಿದ್ದನಂತೆ. ನಮ್ಮ ಬೀಜದ ಅಂಗಡಿ ಹುಡುಕಿಕೊಂಡು ಬಂದು ನಮ್ಮ ಮನೆಯವರ ಎದುರಿಗೇ ಕೇಳಿದ.

"ಅಕ್ಕಾರ, ಕಂಪ್ಯೂಟರ್ದಾಗ ಒಂದ ಆಟಾ ಮಾಡಾಕತ್ತೇನ್ರಿ. ಕೊಬ್ಬರಿ ಹೋರಿ ಆಟ. ಚಿತ್ರ ಎಲ್ಲಾ ಆಗೇತಿ, ಸಂಗೀತ ಇಲ್ಲ. ನೀವ ಮಾಡಿ ಕೊಡ್ರಿ."

ಕೊಬ್ಬರಿ ಹೋರಿ ಎಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೂರದವರಿಗೆ ಹೇಳುವುದಾದರೆ, ದೀಪಾವಳಿ ಬಂತೆಂದರೆ ಊರೂರಲ್ಲಿ ಹೋರಿ ಓಡಿಸುತ್ತಾರೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ, ಕೊಂಬಿಗೆ ಬಲೂನು, ಮೈಮೇಲೆ ಬಣ್ಣದ ಬಟ್ಟೆಯ ಝೂಲು. ಎರಡೂ ಬದಿಗೆ ಜನ. ಚರ್ಮ ಬಿಗಿದ ಹಲಗೆ ಬಡಿಯುತ್ತಿರುತ್ತದೆ, ಹೋರಿ ಓಡುತ್ತದೆ, ಪೈಲವಾನರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹರಿಸಿಕೊಳ್ಳದೆ ಪಾರಾದ ಹೋರಿಗೆ ಊರಾಚೆಗೂ ಹೆಸರು. ಈ ಹುಡುಗನ ಆಟದಲ್ಲಿ ಆಡುವವನೇ ಹೋರಿ. ಬಾಣದ ಗುರುತಿನ ಬಟನ್ ಒತ್ತುತ್ತ, ಜನರನ್ನು ತಪ್ಪಿಸುತ್ತ ಓಡಬೇಕು. ಬ್ಯಾಡಗಿಯಲ್ಲಿ ಒಂದು ಹೆಸರಾಂತ ಹೋರಿ ಇತ್ತು. ಅದರ ಚಿತ್ರ, ಅದರ ಹೆಸರು ಆಟದಲ್ಲಿ ಬರಬೇಕೆಂದು ಅವನ ಆಸೆ. ಆ ಹೋರಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಭಿಮಾನಿಗಳು ಬಹಳ, ಎಲ್ಲರೂ ಗಟ್ಟಿಮುಟ್ಟಾದವರು.

ಮದುವೆಯಾದ ಮೇಲೆ ನನಗೆ ಆರ್ಕೆಸ್ಟ್ರಾಕ್ಕೆ ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಹೋಗು ಎಂದೂ ಯಾರೂ ಹೇಳಲಿಲ್ಲ. ಕೀಬೋರ್ಡು ಹಳೆಯ ಸೀರೆಯೊಳಗೆ ಸುತ್ತಿಸಿಕೊಂಡು ಅಟ್ಟ ಸೇರಿತ್ತು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಮನೆಗೆ ಬಂತು, ನಾನು ಸದ್ದಿಲ್ಲದೆ ಕೀಬೋರ್ಡನ್ನು ಕೆಳಗಿಳಿಸಿ ಮುಂದಿನ ಕೋಣೆಯಲ್ಲಿ ಎರಡನ್ನೂ ಕೂಡಿಸಿಟ್ಟೆ. ಆ ಕೋಣೆಯ ಮೇಲೆ ನಮ್ಮ ಮನೆಯವರ ಕಣ್ಣಿತ್ತು. ಅಂಗಡಿಯ ದಾಸ್ತಾನು ಹೆಚ್ಚಾಗಿತ್ತು, ಜಾಗ ಸಾಲುತ್ತಿರಲಿಲ್ಲ. ಹುಡುಗ ಹೋದ ಮೇಲೆ ಅವರು ವ್ಯಾಪಾರಸ್ಥರ ಹಾಗೆ ಮಾತು ಮುಗಿಸಿದರು.

"ನೋಡು, ಇದೊಂದ ಕೆಲಸಾ ಮಾಡು. ಹಿಂಗಾರಿ ಬೀಜ ಬರೂದ್ರೊಳಗ ಮುಗಿಸಿ ಅವನ ಕಡಿಂದ ಹೌದು ಅನ್ನಿಸಿಕೊಂಡಿ ಅಂದ್ರ ಕೋಣಿ ನಿಂದು, ನಾ ಮತ್ತ ಕೇಳಂಗಿಲ್ಲ. ಇಲ್ಲಂದ್ರ ಕೋಣ್ಯಾಗ ಚೀಲಾ ಬರ್ತಾವ, ನೀ ಅಂಗಡಿ ಗಲ್ಲಾಕ್ಕ ಬಂದ ಕುಂದ್ರು."

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಗಲ್ಲಾದ ಮೇಲೆ ಕೂತು ಜೋಳದ ಬೀಜದ ರಸೀದಿ ಹರಿಯುವ ನನ್ನ ಮುದುಕತನ ಕಣ್ಣೆದುರಿಗೆ ಬಂತು.

ಹುಡುಗ ಒಂದು ಪ್ಲಗಿನ್ ತಂದುಕೊಟ್ಟಿದ್ದ. ಪ್ಲಗಿನ್ ಎಂದರೆ ಸಂಗೀತ ಕೂಡಿಸುವ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಒಂದು ಸಣ್ಣ ವಾದ್ಯ. ಇದು, ಟಿವಿಗೆ ಹಚ್ಚಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮ್ ಡಬ್ಬಿಯ ಧ್ವನಿಚಿಪ್ಪನ್ನು ಯಥಾವತ್ತು ನಕಲು ಮಾಡುತ್ತಿತ್ತು. ಯಥಾವತ್ತು ಎಂದರೆ ಅದರ ಬಡತನವನ್ನೂ ಬಿಡದೆ. ದನಿ ನಾಲ್ಕೇ. ರಾಗಕ್ಕೆ ಎರಡು ಚೌಕ ಅಲೆ. ಕೆಳಗಿನ ಶ್ರುತಿಗೆ ಒಂದು ತ್ರಿಕೋನ ಅಲೆ. ನಾಲ್ಕನೆಯದು ಬರೀ ಗದ್ದಲ, ಸ್ಟೇಷನ್ ಸಿಗದ ರೇಡಿಯೋ ಸರ್‍ರೆನ್ನುವ ಹಾಗೆ. ಚೌಕ ಅಲೆಯ ದನಿಯನ್ನು ದಪ್ಪ ಅಥವಾ ತೆಳ್ಳಗೆ ಮಾಡಬಹುದಿತ್ತು, ಅಷ್ಟೇ. ತ್ರಿಕೋನಕ್ಕಂತೂ ದನಿ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಇದ್ದರೆ ಪೂರಾ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮತ್ತೆಯ ಕೋಪದ ಹಾಗೆ.

ಕೀಬೋರ್ಡಿನಲ್ಲಿ ಒಂದೇ ಏಟಿಗೆ ಹತ್ತು ಬೆರಳು ಇಟ್ಟು ಅಭ್ಯಾಸವಿದ್ದವಳಿಗೆ ಇದು ಕೈಕಟ್ಟಿ ಅಂಬಲಿ ಕುಡಿ ಎಂದ ಹಾಗಾಯಿತು. ಮೂರು ಸ್ವರ ಒಟ್ಟಿಗೆ ಬೇಕೆಂದರೆ ಒಂದೇ ದನಿಯಲ್ಲಿ ಮೂರನ್ನೂ ಒಂದರ ಹಿಂದೊಂದು ಗಡಿಬಿಡಿಯಿಂದ ಓಡಿಸಿ ಕಿವಿಗೆ ಮೋಸ ಮಾಡಬೇಕು. ಶಹನಾಯಿಯ ಎಳೆತ ಬೇಕೆಂದರೆ ಸ್ವರವನ್ನು ಚೂರು ಚೂರೇ ಸರಿಸಬೇಕು. ಸರಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಮೇಲಿನ ಸಪ್ತಕಕ್ಕೆ ಹೋದರೆ ಶ್ರುತಿಯೇ ತುಸು ಆಚೀಚೆ. ಆ ಹಳೆಯ ಚಿಪ್ಪಿನಲ್ಲಿ ಹಾಗೇ ಇತ್ತಂತೆ, ಇವರು ಅದನ್ನೂ ಶ್ರದ್ಧೆಯಿಂದ ನಕಲು ಮಾಡಿದ್ದರು. ಪ್ಲಗಿನ್ನನ್ನು ಎರಡು ಸಲ ತೆರೆದರೆ ಎಂಟು ದನಿ ಸಿಗುತ್ತವೆ ಎಂದು ನಾನು ಹಾವೇರಿಗೆ ಫೋನ್ ಮಾಡಿ ಹೇಳಿದೆ.

"ಬ್ಯಾಡ್ರಿ ಅಕ್ಕಾರ. ಐದನೇ ದನಿ ಬಂತಂದ್ರ ಅದು ಆ ಡಬ್ಬಿ ಆಟ ಆಗೂದಿಲ್ಲ. ಆ ಸಪ್ಪಳಾ ಕೇಳಿದ್ರ ಸಾಕ, ನಮ್ಮ ಕೈ ತಾನ ಬಟನ್ ಹುಡಕಬೇಕು."

"ನನ್ನ ಕೈ ಗ್ವಾಡಿ ಹುಡಕಾಕತ್ತೇತಿ ತಮ್ಮಾ, ತಲಿ ಜಜ್ಜಿಕೊಳ್ಳಾಕ" ಎಂದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹಲಗೆ. ಹಲಗೆಯನ್ನು ಎರಡು ಕಡ್ಡಿಯಿಂದ ಬಾರಿಸುತ್ತಾರೆ, ಒಂದು ದಪ್ಪ, ಒಂದು ಸಣ್ಣ. ದಪ್ಪ ಕಡ್ಡಿ 'ಧುಂ' ಎಂದರೆ ಸಣ್ಣ ಕಡ್ಡಿ ಅದರ ಬೆನ್ನಿಗೇ 'ಟರ್‍ರ' ಎನ್ನುತ್ತದೆ. ಗದ್ದಲದ ದನಿಯನ್ನು ತೀರ ಚಿಕ್ಕದಾಗಿ ಕತ್ತರಿಸಿದಾಗ ಸಣ್ಣ ಕಡ್ಡಿ ಸಿಕ್ಕಿತು. 'ಧುಂ' ಮಾತ್ರ ಎಷ್ಟು ಮಾಡಿದರೂ ಬಾಗಿಲು ಹಾಕಿದ ಹಾಗೆ ಕೇಳುತ್ತಿತ್ತು. ಕೊನೆಗೆ ತ್ರಿಕೋನ ಅಲೆಯನ್ನು ಮೇಲಿನ ಸ್ವರದಿಂದ ಕೆಳಕ್ಕೆ ಒಮ್ಮೆಲೇ ಜಾರಿಸಿ ನೋಡಿದೆ. ಕಾಯಿಸಿದ ಚರ್ಮಕ್ಕೆ ಬಿದ್ದ ಏಟು! ಸಂತೋಷಕ್ಕೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆದರೆ ತ್ರಿಕೋನವನ್ನು ಹಲಗೆಗೆ ಕೊಟ್ಟರೆ ಕೆಳಗಿನ ಶ್ರುತಿ ಹಿಡಿಯುವವರು ಯಾರು? ಒಂದು ಚೌಕ ಅಲೆಯನ್ನು ಅದಕ್ಕೆ ಹಚ್ಚಿದೆ. ಉಳಿದ ಒಂದೇ ಒಂದು ದನಿಗೆ ಶಹನಾಯಿ, ಜನರ ಕೇಕೆ, ಎಲ್ಲ ಭಾರವೂ ಬಿತ್ತು. ಒಲ್ಲದ ಮನಸ್ಸಿನಿಂದ ಮೊದಲಿನಿಂದ ಎಲ್ಲ ಬರೆದೆ. ನಡುನಡುವೆ ಕರೆಂಟ್ ಹೋಗುತ್ತಿತ್ತು, ಉಳಿಸದೇ ಇದ್ದದ್ದೂ ಅದರ ಜೊತೆ ಹೋಗುತ್ತಿತ್ತು. ನಮ್ಮ ಮನೆಯವರು ಊಟಕ್ಕೆ ಬಂದಾಗ ಬಾಗಿಲಲ್ಲಿ ನಿಂತು ಕೇಳಿ, "ಕೋಣನ ಮುಂದ ಕಿನ್ನರಿ ಬಾರಿಸೂದ ಕೇಳಿದ್ದೆ, ಹೋರಿ ಮುಂದ ಬಾರಸ್ತಾರಂತ ಗೊತ್ತಿರ್ಲಿಲ್ಲ" ಎಂದು ನಕ್ಕು ಹೋಗುತ್ತಿದ್ದರು.

ಅಂತೂ ಒಂದು ನಿಮಿಷದ ಸಂಗೀತ ಮುಗಿಯಿತು. ಹುಡುಗ ಕೇಳಿ ಹಿಗ್ಗಿದ. ಹಿಗ್ಗಿದವನು ಮರುಗಳಿಗೆಯೇ, "ಆದ್ರ ಇದು ಭಾಳ ದೊಡ್ಡದಾತ್ರಿ" ಅಂದ. ಅವನ ಆಟ ಒಂದೇ ಫ್ಲಾಪಿಯಲ್ಲಿ ಹಿಡಿಸಬೇಕಂತೆ. ಹಳ್ಳಿಯ ಶಾಲೆಗಳ ಕಂಪ್ಯೂಟರುಗಳಲ್ಲಿ ಸಿಡಿ ಹಾಕುವ ಡ್ರೈವೇ ಇರುವುದಿಲ್ಲ, ಇದ್ದರೂ ಕೆಟ್ಟಿರುತ್ತದೆ. ಹಾಗಾಗಿ ಪೂರ್ತಿ ಸಂಗೀತ ಬೇಡ, ಬಿಡಿ ಬಿಡಿ ಸದ್ದು ಕೊಡಿ ಎಂದ. ಒಂದು 'ಧುಂ', ಒಂದು 'ಟರ್‍ರ', ಶಹನಾಯಿಯ ಒಂದೊಂದು ಸ್ವರ. ಯಾವುದು ಯಾವಾಗ ಎಂದು ಬರೆದುಕೊಟ್ಟರೆ ಆಟವೇ ಅವನ್ನು ಓಡುತ್ತ ಓಡುತ್ತ ಪೋಣಿಸಿಕೊಳ್ಳುತ್ತದೆ.

"ಸಂಗೀತಾನ ತರಕಾರಿ ಹೆಚ್ಚಿದಂಗ ಹೆಚ್ಚಿ ಕೊಡೂದ? ತಾಳ ಯಾರ ಹಿಡೀತಾರ?" ಎಂದು ನಾನು ಕೇಳಿದೆ.

"ಕಂಪ್ಯೂಟರ್ ಹಿಡೀತೇತ್ರಿ ಅಕ್ಕಾರ. ಮನಷ್ಯಾ ತಪ್ಪಬಹುದು, ಅದು ತಪ್ಪಂಗಿಲ್ಲ."

ಸರಿ ಎಂದು ಹೆಚ್ಚಿ ಕೊಟ್ಟೆ. ಅವನ ಕೆಫೆಯಲ್ಲಿ ಆಡಿ ನೋಡಿದಾಗ ನಿಜಕ್ಕೂ ಸರಿಯಾಗಿತ್ತು. ಹೋರಿ ಓಡಿತು, ಹಲಗೆ ಅದರ ಕಾಲಿಗೆ ಕಾಲು ಕೂಡಿಸಿ ಓಡಿತು. ಇನ್ನು ಬ್ಯಾಡಗಿಯ ಹೋರಿ ಮಾಲೀಕರು ಒಮ್ಮೆ ನೋಡಿ ಹೂಂ ಎಂದರೆ ಮುಗಿಯಿತು. ಹುಡುಗ ಫ್ಲಾಪಿ ಹಿಡಿದು ಒಬ್ಬನೇ ಹೋದ. ನಾನು ಮನೆಯಲ್ಲಿ ಹೋಳಿಗೆಗೆ ಬೇಳೆ ಇಟ್ಟೆ.

ಬೇಳೆ ಕುದಿಯುವುದರೊಳಗೆ ಫೋನ್ ಬಂತು. ಹುಡುಗ ನನಗೆ ಹಲೋ ಎನ್ನಲೂ ಬಿಡಲಿಲ್ಲ.

"ಅಕ್ಕಾರ, ಏನ್ ಕೊಟ್ಟೀರಿ ನೀವು? ಅವ್ರು ಸ್ಪೀಕರಿನ ವಾಯರ್ ಕಿತ್ತ ಒಗದ ಬಿಟ್ರು. ಸಾವಿನ ಬಡತಾ ತಂದೀಯೇನಲೇ ನನ್ನ ಹೋರಿಗಿ ಅಂತಾರ. ನನ್ನ ಹೊರಗ ಹಾಕಿದ್ರು."

ನನಗೆ ತಲೆಬುಡ ತಿಳಿಯಲಿಲ್ಲ. ಮುಂದಿನ ಕೋಣೆಗೆ ಓಡಿ ಆಟ ಹಚ್ಚಿದೆ. ಸರಿಯಾಗಿತ್ತು. ಇನ್ನೊಮ್ಮೆ ಹಚ್ಚಿದೆ. ಹೋರಿ ಓಟದ ಬಡಿತವೇ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವರ ಕಿವಿಯೇ ಸರಿಯಿಲ್ಲ ಎಂದು ಬೈದುಕೊಂಡೆ. ಎರಡು ದಿನ ಕಳೆದು ಇನ್ನೂ ಕೆಟ್ಟ ಸುದ್ದಿ ಬಂತು. ಅವತ್ತಿನಿಂದ ಹೋರಿ ಮೇವು ಮುಟ್ಟುತ್ತಿಲ್ಲವಂತೆ. ಹುಲ್ಲು ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತದಂತೆ. ಇನ್ನು ಆ ಮನೆಯ ಹೊಸ್ತಿಲು ತುಳಿಯುವುದು ಸಾಧ್ಯವೇ? ಅವರು ಒಪ್ಪದೆ ಆಟ ಹೊರಬರುವುದಿಲ್ಲ. ಆಟ ಬಾರದಿದ್ದರೆ ನನ್ನ ಕೋಣೆ ಇಲ್ಲ. ಇತ್ತ ನಮ್ಮ ಮನೆಯವರು ಬೀಜದ ಲಾರಿ ಯಾವತ್ತು ಬರುತ್ತದೆಂದು ಫೋನಿನಲ್ಲಿ ವಿಚಾರಿಸುತ್ತಿದ್ದರು. ಆ ಫೋನು ಕೇಳುತ್ತ ಕೇಳುತ್ತ ನನ್ನ ಮೈ ಉರಿಯುತ್ತಿತ್ತು.

ಸಂಜೆಯೊಳಗೆ ಬರುತ್ತೇನೆಂದು ಅತ್ತೆಗೆ ಹೇಳಿ ಹಾವೇರಿಯ ಬಸ್ ಹತ್ತಿದೆ. ಕೆಫೆಯ ಕಂಪ್ಯೂಟರಿನಲ್ಲಿ ಮತ್ತೆ ಹಚ್ಚಿ ನೋಡಿದೆವು, ಸರಿ. ಪಕ್ಕದ್ದರಲ್ಲಿ ಹಚ್ಚಿದೆವು, ಅದೂ ಸರಿ. ಹುಡುಗ ನನ್ನ ಮುಖ ನೋಡುತ್ತಾನೆ, ನಾನು ಅವನ ಮುಖ ನೋಡುತ್ತೇನೆ. ನನಗೆ ಅಳು ಬರುವುದೊಂದು ಬಾಕಿ.

"ಬ್ಯಾಡಗ್ಯಾಗ ಯಾವ ಕಂಪ್ಯೂಟರಿಗೆ ಹಾಕಿದ್ದಿ?" ಎಂದು ಕೇಳಿದೆ.

"ಅವ್ರ ಮನ್ಯಾಂದ್ರಿ. ಮೆಣಸಿನಕಾಯಿ ಲೆಕ್ಕಕ್ಕ ಇಟ್ಟಾರಲ್ಲ, ಅದು. ಹಳೇದು."

ಕೆಫೆಯ ಮೂಲೆಯಲ್ಲಿ ಯಾರೂ ಕೂರದ ಒಂದು ಮುದಿ ಕಂಪ್ಯೂಟರ್ ಇತ್ತು. ಧೂಳು ಒರೆಸಿ ಅದಕ್ಕೆ ಫ್ಲಾಪಿ ಹಾಕಿದೆವು. ಖಾಲಿ ದಾರಿಯಲ್ಲಿ ಹೋರಿ ಓಡುವಾಗ ಹಲಗೆ ಸರಿಯಾಗಿಯೇ ಇತ್ತು. ಜನರ ಗುಂಪು ತೆರೆಯ ಮೇಲೆ ಬಂತು. ಅಷ್ಟು ಮಂದಿಯ ಚಿತ್ರ ಬರೆಯಲು ಆ ಮುದಿ ಯಂತ್ರಕ್ಕೆ ಉಸಿರು ಸಾಲಲಿಲ್ಲ. ಹೋರಿ ತೇಲಿದ ಹಾಗೆ ನಿಧಾನವಾಯಿತು. ಅದರ ಜೊತೆಗೆ ಹಲಗೆಯೂ ನಿಧಾನವಾಯಿತು. ಧುಂ. ಟರ್‍ರ. ಧುಂ. ಟರ್‍ರ. ಗುಂಪು ಹೆಚ್ಚಾದಂತೆ ಇನ್ನಷ್ಟು ನಿಧಾನ. ರಾಗದ ಸ್ವರಗಳು ಅಲ್ಲೊಂದು ಇಲ್ಲೊಂದು ಎಳೆದುಕೊಂಡು ಅತ್ತ ಹಾಗೆ ಕೇಳಿದವು.

ನನ್ನ ತವರು ಗುತ್ತಲ. ನಮ್ಮ ಮನೆ ಇದ್ದದ್ದು ಸುಡುಗಾಡಿಗೆ ಹೋಗುವ ದಾರಿಯ ಮೇಲೆ. ಹೆಣ ಹೊತ್ತವರ ಮುಂದೆ ಹಲಗೆಯವರು ಹೇಗೆ ಬಾರಿಸುತ್ತ ಹೋಗುತ್ತಾರೆ ಎನ್ನುವುದು ನನ್ನ ಬಾಲ್ಯದ ಕಿವಿಯಲ್ಲಿ ಕೂತಿದೆ. ಆ ಬಡಿತ ಕೇಳಿದರೆ ಅವ್ವ ನೀರಿನ ಕೊಡದ ಮೇಲೆ ತಟ್ಟೆ ಮುಚ್ಚಿ ನಮ್ಮನ್ನೆಲ್ಲ ಒಳಗೆ ಕರೆಯುತ್ತಿದ್ದಳು. ನಾನು ಆಟಕ್ಕೆಂದು ಬರೆದ ಓಟದ ಬಡಿತ ಅರ್ಧ ವೇಗಕ್ಕೆ ಇಳಿದರೆ ಅದೇ ಆಗುತ್ತಿತ್ತು, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೈಯಲ್ಲಿ ಬಾರಿಸುವವನಾದರೆ ಜನ ಎಷ್ಟೇ ಮುಗಿಬಿದ್ದರೂ ಹೋರಿ ಮುಂದೆ ಬಡಿತ ನಿಧಾನ ಮಾಡುವುದಿಲ್ಲ, ಜೋರು ಮಾಡುತ್ತಾನೆ.

"ನಂದಿಸು ಅದನ್ನ" ಎಂದೆ.

"ಯಾಕ್ರಿ ಅಕ್ಕಾರ? ಹ್ಯಾಂಗ ನಿಧಾನ ಆತದು? ಕಂಪ್ಯೂಟರ್ ಹಳೇದೈತ್ರಿ, ನನ್ನ ತಪ್ಪಲ್ಲ..."

"ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ. ಕಂಪ್ಯೂಟರ್ ತಪ್ಪಂಗಿಲ್ಲ ಅಂದಿದ್ದಿ ಹೌದಿಲ್ಲೊ? ಅದು ತಾಳ ಹಿಡಿಯೂದಿಲ್ಲ ತಮ್ಮಾ, ಚಿತ್ರದ ಬಾಲಾ ಹಿಡೀತೈತಿ."

ನಾನು ಅಂದಿನ ಸಿಟ್ಟನ್ನೆಲ್ಲ ಅವನ ಮೇಲೆ ತೀರಿಸಿಕೊಂಡೆ. ಪಾಪ, ಚಹಾ ತರಿಸಿದ. ಚಹಾ ಕುಡಿಯುತ್ತ ಲೆಕ್ಕ ಹಾಕಿದೆವು. ಬಿಡಿ ಸದ್ದು ಪೋಣಿಸುವುದು ಬೇಡ. ಇಡೀ ಸಂಗೀತ ಒಂದೇ ತುಂಡಾಗಿ ಹೋದರೆ ಚಿತ್ರ ಎಷ್ಟೇ ಕುಂಟಿದರೂ ಸಂಗೀತ ತನ್ನ ಪಾಡಿಗೆ ತಾನು ಓಡುತ್ತದೆ. ಆದರೆ ಆ ಒಂದು ನಿಮಿಷದ ತುಂಡು ಫ್ಲಾಪಿಯಲ್ಲಿ ಹಿಡಿಸುವುದಿಲ್ಲ. ಗುಣಮಟ್ಟ ಇಳಿಸಿದರೂ ಹಿಡಿಸಲಿಲ್ಲ. ಇನ್ನೂ ಇಳಿಸಿದರೆ ಶಹನಾಯಿ ತಗಡು ಉಜ್ಜಿದ ಹಾಗೆ ಕರಕರ ಎಂದಿತು. ಚಿತ್ರ ಕಡಿಮೆ ಮಾಡು ಎಂದೆ, ಅವನು ಒಲ್ಲೆ ಎಂದ. ರಾಗವನ್ನು ಮೊಟಕು ಮಾಡಿದೆ. ಏಳೆಂಟು ಸೆಕೆಂಡಿಗೆ ಅದೇ ರಾಗ ತಿರುಗಿ ತಿರುಗಿ ಬಂದರೆ ಆಡುವವನು ಎದ್ದು ಹೋಗುತ್ತಾನೆ.

ಹಲಗೆ ಮಾತ್ರ ಹಾಗಲ್ಲ. ಅದು ಏಳೆಂಟು ಸೆಕೆಂಡಿಗೊಮ್ಮೆ ತಿರುಗಿ ಬಂದರೂ ಬೇಸರ ತರುವುದಿಲ್ಲ. ಬರಬೇಕಾದದ್ದೇ ಹಾಗೆ. ಹೋರಿ ಓಡುವಾಗ ಶಹನಾಯಿ ಯಾರಿಗೆ ಕೇಳಿಸುತ್ತದೆ? ನನಗೇ ಯಾವತ್ತೂ ಕೇಳಿಸಿರಲಿಲ್ಲ. ಆರ್ಕೆಸ್ಟ್ರಾದವಳು, ರಾಗವಿಲ್ಲದೆ ಸಂಗೀತವಿಲ್ಲ ಎಂದುಕೊಂಡವಳು, ಇಷ್ಟು ದಿನ ಸೊಳ್ಳೆಯ ಜೊತೆ ಗುದ್ದಾಡಿದ್ದೆ. ಮೌಸ್ ಹಿಡಿದು ಶಹನಾಯಿಯ ಸಾಲನ್ನು ಪೂರ್ತಿ ಆಯ್ದು ಅಳಿಸಿಬಿಟ್ಟೆ. ಶ್ರುತಿ ಹಿಡಿದಿದ್ದ ಚೌಕ ಅಲೆಯನ್ನೂ ತೆಗೆದೆ. ಎದೆ ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ಉಳಿದದ್ದು ಎರಡು ಕಡ್ಡಿ, ಒಂದು ಚರ್ಮ. ಖಾಲಿ ಬಿದ್ದ ಎರಡೂ ಚೌಕ ದನಿಯನ್ನು ಜನರ ಕೇಕೆಗೆ ಕೊಟ್ಟೆ.

"ಸಂಗೀತ ಎಲ್ಲಿ ಹೋತ್ರಿ ಅಕ್ಕಾರ?" ಹುಡುಗ ಮರುಗಿದ.

"ಇದ ಸಂಗೀತ. ಮುದಿ ಕಂಪ್ಯೂಟರಿಗೆ ಹಾಕು."

ಹಾಕಿದ. ಗುಂಪು ಬಂತು, ಹೋರಿ ಕುಂಟಿತು, ಚಿತ್ರ ತಡವರಿಸಿತು. ಹಲಗೆ ನಿಲ್ಲಲಿಲ್ಲ.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಕೂತಿದ್ದರು. ಅವರ ತವರು ಕಾಗಿನೆಲೆಯ ಹತ್ತಿರದ ಹಳ್ಳಿ. ಹೋರಿ ಮಾಲೀಕರ ಹೆಂಡತಿಯೂ ಅದೇ ಊರಿನವರು. ಸಂತೆಯಲ್ಲಿ ಯಾರೋ ಎಲ್ಲ ಊದಿದ್ದರು.

"ಏನವಾ, ನಮ್ಮ ಮನಿ ಸೊಸಿ ಮಂದಿ ಮನ್ಯಾಗ ಸಾವಿನ ಹಲಗಿ ಬಾರಿಸಿ ಬಂದಾಳಂತ ಊರೆಲ್ಲಾ ಆಡಾಕತ್ತೈತಿ. ಖರೇ ಏನ?"

ನಾನು ಫ್ರೇಮು, ವೇಗ, ಫ್ಲಾಪಿ ಎಂದು ಏನೇನೋ ಹೇಳಿದೆ. ಅವರಿಗೆ ತಿಳಿದದ್ದು ಒಂದೇ ಮಾತು.

"ಈಗ ನೆಟ್ಟಗಾಗೇತಿಲ್ಲ?"

"ಆಗೇತ್ರಿ ಅತ್ತಿ."

"ಹಂಗಾರ ನಾಳೆ ಇಬ್ರೂ ಹೋಗೂಣು. ನಿನ್ನ ಆಟದ ಸಲುವಾಗಿ ಅಲ್ಲ. ಮನಿ ಹೆಸರಿನ ಸಲುವಾಗಿ."

ಅವರ ಮನೆಯ ಸ್ಪೀಕರ್ ವೈರು ಕಿತ್ತಿದ್ದರಲ್ಲ, ಹಾಗಾಗಿ ನನ್ನ ಎರಡು ಸ್ಪೀಕರ್ ಡಬ್ಬಿಗಳನ್ನು ಕೌದಿಯಲ್ಲಿ ಸುತ್ತಿದೆ. ಫ್ಲಾಪಿಗಳನ್ನು ನಂಬಲಾಗದು ಎಂದು ಎರಡು ಪ್ರತಿ ಮಾಡಿ ಎರಡನ್ನೂ ಅದರೊಳಗೇ ಇಡಲು ಹೋದೆ. "ಒಂದ ನನ್ನ ಕಡೆ ಇರ್ಲಿ, ಎಲ್ಲಾ ಒಂದ ಗಂಟಿನಾಗ ಇಡಬಾರದು" ಎಂದು ಅತ್ತೆ ಒಂದನ್ನು ಕಸಿದುಕೊಂಡು ತಮ್ಮ ಎಲೆ ಅಡಿಕೆಯ ಸಂಚಿಗೆ ತುರುಕಿದರು. ಸುಣ್ಣ ಹತ್ತೀತು ಎಂದರೆ ಕೇಳಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೌದಿಯನ್ನು ನೋಡಿ, ಏನದು, ಲಗೇಜ್ ಆಗ್ತದ ಎಂದ.

"ಹೋರಿ ಐತಪಾ ಅದರಾಗ. ಟಿಕೆಟ್ ಹರೀತೀಯೇನು?" ಎಂದು ಅತ್ತೆ ಕೇಳಿದರು. ಅವನು ಮುಂದಿನ ಸೀಟಿನ ಟಿಕೆಟ್ ಹರಿಯಲು ಹೋದ.

ಹುಡುಗ ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ಕಾದಿದ್ದ. ಮೂವರೂ ಹೋದೆವು. ಮೆಣಸಿನಕಾಯಿಯ ಸುಗ್ಗಿ ಅಲ್ಲದಿದ್ದರೂ ಆ ಮನೆಯ ಗೋಡೆಗೇ ಅದರ ವಾಸನೆ ಅಂಟಿತ್ತು. ಅಂಗಳದ ಬೇವಿನ ಗಿಡಕ್ಕೆ ಹೋರಿಯನ್ನು ಕಟ್ಟಿದ್ದರು. ಇಷ್ಟು ದಿನ ಬೆರಳುಗಾತ್ರದ ಚಿತ್ರ ನೋಡಿದ್ದವಳು ಅದರ ಎತ್ತರ ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಮಾಲೀಕರು ಕಟ್ಟೆಯ ಮೇಲಿಂದ ಏಳಲಿಲ್ಲ. ಅತ್ತೆಯ ಮುಖ ನೋಡಿ ಕುಂದ್ರಿ ಎಂದರು, ಅಷ್ಟೇ.

"ಯಣ್ಣಾ, ನಮ್ಮ ಹುಡುಗಿ ತಪ್ಪಿಲ್ಲ ಇದರಾಗ. ಒಮ್ಮೆ ಕೇಳು. ಆಮ್ಯಾಗ ಬೈಯೂದಿದ್ರ ನನಗ ಬೈ" ಎಂದರು ಅತ್ತೆ.

ನಾನು ಒಳಗೆ ಹೋಗಿ ಸ್ಪೀಕರ್ ಜೋಡಿಸಿ ಫ್ಲಾಪಿ ಹಾಕಿದೆ. ಕಂಪ್ಯೂಟರ್ ಗರ್‍ ಗರ್‍ ಎಂದು ಉಜ್ಜಿತು, ಓದಲಾಗುವುದಿಲ್ಲ ಎಂದಿತು. ತೆಗೆದು ಹಾಕಿದೆ, ಅದೇ. ಆಮೇಲೆ ಹೊಳೆಯಿತು: ಸ್ಪೀಕರಿನೊಳಗೆ ಅಯಸ್ಕಾಂತ ಇರುತ್ತದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಫ್ಲಾಪಿಯನ್ನು ಅದರ ಮಗ್ಗುಲಲ್ಲೇ ಮಲಗಿಸಿ ತಂದಿದ್ದೆ. ಇದ್ದದ್ದೆಲ್ಲ ಅಳಿಸಿಹೋಗಿತ್ತು. ಹಣೆ ಬಡಿದುಕೊಳ್ಳುವುದರೊಳಗೆ ಅತ್ತೆ ಸಂಚಿ ಬಿಚ್ಚಿ, ಅಡಿಕೆ ಚೂರು ಕೊಡವಿ, ಇನ್ನೊಂದನ್ನು ಕೈಗಿಟ್ಟರು. ತಂಬಾಕಿನ ವಾಸನೆ ಹೊಡೆಯುತ್ತಿತ್ತು. ಅದನ್ನು ಕಂಪ್ಯೂಟರ್ ಓದಿತು.

ಹಲಗೆ ಶುರುವಾಯಿತು. ಗುಂಪು ಬಂತು, ಚಿತ್ರ ಕುಂಟಿತು. ಬಡಿತ ಓಡುತ್ತಲೇ ಇತ್ತು. ಮಾಲೀಕರು ಬಾಗಿಲ ಚೌಕಟ್ಟಿಗೆ ಬಂದು ನಿಂತರು. ಅವರ ಹೆಬ್ಬೆರಳು ಚೌಕಟ್ಟನ್ನು ಕುಟ್ಟತೊಡಗಿದ್ದನ್ನು ನಾನು ನೋಡಿದೆ.

"ಇದು ಹೌದು" ಎಂದರು. ಹೊರಗಿನ ಹೋರಿಯ ಕಡೆ ತಿರುಗಿ, "ಆದ್ರ ತಂಗೀ, ಅವತ್ತ ಕೇಳಿದ್ದು ಕೇಳಿದಂಗಾತಲ್ಲ. ಅದು ಅಂಗಳದಾಗ ಬಿದ್ದೈತಿ. ಅದನ್ನ ಹ್ಯಾಂಗ ತಗೀತಿ?"

ಕಂಪ್ಯೂಟರಿನಲ್ಲಿ ತಪ್ಪಿದ್ದನ್ನೆಲ್ಲ ಒಂದು ಬಟನ್ನಿನಿಂದ ಹಿಂದಕ್ಕೆ ಪಡೆಯುವವಳು, ಅಂಗಳದಲ್ಲಿ ಬಿದ್ದ ಸದ್ದನ್ನು ಹೇಗೆ ತೆಗೆಯಲಿ? ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಅತ್ತೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಷ್ಟ ಹೌದಲ್ಲೊ? ಯವ್ವಾ, ಒಂದ ಹಿಡಿ ಉಪ್ಪು, ಒಣ ಮೆಣಸಿನಕಾಯಿ ತಾರ" ಎಂದು ಮಾಲೀಕರ ಹೆಂಡತಿಗೆ ಹೇಳಿದರು. ಹೋರಿಗೆ ಮೂರು ಸಲ ನಿವಾಳಿಸಿದರು. ಮನೆಯ ಹೊಸ್ತಿಲಿಗೆ ನಿವಾಳಿಸಿದರು. ಆಮೇಲೆ ಒಳಗೆ ಬಂದು ಕಂಪ್ಯೂಟರಿಗೂ, ನನ್ನ ಸ್ಪೀಕರಿಗೂ, ಹುಡುಗನಿಗೂ ನಿವಾಳಿಸಿದರು. ಅವನು ಮರ್ಯಾದೆಯಿಂದ ತಲೆ ಬಗ್ಗಿಸಿ ನಿಂತಿದ್ದ. ಒಲೆಯ ಕೆಂಡಕ್ಕೆ ಎಲ್ಲ ಸುರಿದರು. ಘಾಟು ಬರದಿದ್ದರೆ ಕೆಟ್ಟದ್ದೆಲ್ಲ ಸುಟ್ಟುಹೋಯಿತೆಂದು ನಮ್ಮಲ್ಲಿ ನಂಬಿಕೆ. ನಾವೆಲ್ಲ ಮೂಗು ಅರಳಿಸಿ ನಿಂತೆವು. ಒಂದಿಷ್ಟು ಹೊಗೆ ಬಂತು, ಯಾರೂ ಕೆಮ್ಮಲಿಲ್ಲ.

"ನೋಡು ಯಣ್ಣಾ, ಘಾಟಿಲ್ಲ" ಎಂದರು ಅತ್ತೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದು ಆ ಊರಿನ ಮೆಣಸಿನಕಾಯಿ ವ್ಯಾಪಾರಿಗೆ ಗೊತ್ತಿಲ್ಲದ ಸಂಗತಿಯೇ? ಅವರು ಅತ್ತೆಯ ಮುಖವನ್ನೇ ನೋಡಿದರು, ಮೀಸೆಯಡಿಯಲ್ಲಿ ನಗು ಬಂದದ್ದನ್ನು ಒರೆಸಿಕೊಂಡರು. ಎದ್ದು ಹೋಗಿ ಹೋರಿಯ ಮುಂದೆ ಬುಟ್ಟಿ ಇಟ್ಟರು. ಹೋರಿ ಮೂಸಿತು, ಬಾಯಿ ಹಾಕಿತು. ಹಲಗೆಗೋ, ನಿವಾಳಿಗೋ, ಬರೀ ಹಸಿವಿಗೋ, ನನಗೆ ಗೊತ್ತಿಲ್ಲ.

"ಚಿತ್ರಾ ಹಾಕ್ರಿ, ಹೆಸರೂ ಹಾಕ್ರಿ. ಆದ್ರ ಒಂದ ಮಾತು. ನಮ್ಮ ಹೋರಿ ಕೊಬ್ಬರಿ ಯಾರೂ ಹರೀಬಾರದು."

ಹುಡುಗ ಗೋಡೆಗೆ ಒರಗಿದ. ಕೊಬ್ಬರಿ ಹರಿಯದಿದ್ದರೆ ಆಟ ಮುಗಿಯುವುದು ಹೇಗೆ? ನಾನು ಅವನ ಕಾಲು ತುಳಿದು ಆಯಿತೆಂದು ತಲೆಯಾಡಿಸಿದೆ. ಆಟದಲ್ಲಿ ಬೇರೆ ಹೋರಿಗಳನ್ನು ಆಯ್ದುಕೊಂಡೂ ಓಡಬಹುದಿತ್ತಲ್ಲ, ಸೋಲುವವರು ಅವುಗಳಿಂದ ಸೋಲಲಿ. ದೀಪಾವಳಿಗೆ ಕೆಫೆಯಲ್ಲಿ ಆಡಲು ಬಂದವರು ಆ ಹೋರಿ ಸೋಲುವುದೇ ಇಲ್ಲವೆಂಬ ಗುಟ್ಟನ್ನು ಮೊದಲ ದಿನವೇ ಕಂಡುಹಿಡಿದರು.

ಆದರೆ ಅದು ಆಮೇಲಿನ ಮಾತು. ಅವತ್ತು ಸಂಜೆ ಇಳಿಯುವ ಹೊತ್ತಿಗೆ ರಾಣೆಬೆನ್ನೂರು ಮುಟ್ಟಿದೆವು. ಮನೆಯ ಮುಂದೆ ಲಾರಿಯ ಗಾಲಿಯ ಗುರುತು. ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ನೆಲದಿಂದ ಕಿಟಕಿಯ ಮಟ್ಟದವರೆಗೆ ಬೀಜದ ಚೀಲ. ನನ್ನ ಕೀಬೋರ್ಡನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿದ್ದರು. ಕಂಪ್ಯೂಟರಿನ ಮೇಲೆ ಗೋಣಿತಾಟು. ಕೌದಿಯ ಗಂಟು ಹೊತ್ತುಕೊಂಡೇ ನಾನು ಬಾಗಿಲಲ್ಲಿ ನಿಂತುಬಿಟ್ಟೆ.

ನಮ್ಮ ಮನೆಯವರು ಹೊರಬಂದರು. "ಲಾರಿ ಮೊದಲ ಬಂತು. ಮೋಡಾ ಆಗಿತ್ತು, ನಾ ಏನ್ ಮಾಡ್ಲಿ? ಎಲ್ಲಿ ಇಡ್ಲಿ?"

"ನನ್ನ ಖೋಲ್ಯಾಗ ಇಡು" ಎಂದರು ಅತ್ತೆ.

"ಅವ್ವಾ, ನೀ ಎಲ್ಲಿ ಮಲಗ್ತಿ?"

"ಪಡಸಾಲ್ಯಾಗ. ಬೀಜಕ್ಕ ಮಳಿ ತಾಗಬಾರದು, ನನಗ ಗಾಳಿ ತಾಗಿದ್ರ ಏನಾಗಂಗಿಲ್ಲ. ಹಮಾಲರನ್ನ ಕರಿ, ಹೋಗಿರಾಕಿಲ್ಲ ಅವರು."

ಅವರು ತಾಯಿಯ ಮುಖ ನೋಡಿ ಹಮಾಲರನ್ನು ಕರೆಯಲು ಬೀದಿಗಿಳಿದರು. ಅತ್ತೆ ಒಳಗೆ ಬಂದು ಒಂದು ಚೀಲದ ಮೇಲೆ ಕೂತರು. ಆ ಕೋಣೆಯಲ್ಲಿ ಅವರು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತ ಹೇಳಿದರು.

"ಅಲ್ಲಿ ಮಂದಿ ಗದ್ದಲದಾಗ ನೆಟ್ಟಗ ಕೇಳಲಿಲ್ಲ. ಹಚ್ಚು ನೋಡೂಣು ನಿನ್ನ ಹಲಗಿ."

ನಾನು ಗೋಣಿತಾಟು ಸರಿಸಿ, ಸ್ಪೀಕರ್ ಜೋಡಿಸಿ, ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ಮೇಲೆ ಫ್ಯಾನ್ ನೋಡಿದೆ, ಅದೂ ನಿಂತಿತ್ತು. ನನಗೆ ಆ ಗಳಿಗೆಯಲ್ಲಿ ಬಂದ ಅಳು ಇಡೀ ಎರಡು ತಿಂಗಳಲ್ಲಿ ಬಂದಿರಲಿಲ್ಲ.

"ಕರೆಂಟಿಲ್ರಿ ಅತ್ತಿ" ಎಂದೆ.

ಅವರು ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡರು. ಚೀಲದ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿದರು.

"ಬರ್ಲಿ ತಗೋ. ಬರೂತನಾ ಇಲ್ಲೇ ಕುಂದರ್ತೇನಿ."